ಮರುಭೂಮಿಯ ಮನೆಗಳಲ್ಲಿ ಹವಾನಿಯಂತ್ರಕದ ದೋಷಗಳು: ಅವುಗಳ ನಿದಾನ ಮತ್ತು ಪರಿಹಾರ

ಅಮೆರಿಕ ಸಂಯುಕ್ತ ಸಂಸ್ಥಾನಗಳ ನೈಋತ್ಯ ಭಾಗದಲ್ಲಿರುವ ಫೀನಿಕ್ಸ್ ನಗರವು ಸೊನೋರಾ ಮರುಭೂಮಿಯ ನಡುವೆ ಬೆಳೆದು ನಿಂತಿರುವ ಊರು. 2020ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ಹದಿನಾರು ಲಕ್ಷಕ್ಕೂ ಮಿಗಿಲು. 2023ನೆಯ ಇಸವಿಯ ಜೂನ್ 30ರಿಂದ ಜುಲೈ 30ರವರೆಗೆ, ಒಂದು ದಿನವೂ ತಪ್ಪದೆ, 31 ದಿನ ಅಲ್ಲಿಯ ಗರಿಷ್ಠ ಉಷ್ಣತೆಯು 43.3 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿತು ಅಥವಾ ಮೀರಿತು. ಅದೇ ತಿಂಗಳಿನಲ್ಲಿ ಎಡೆಬಿಡದೆ 16 ದಿನ ರಾತ್ರಿಯ ಕನಿಷ್ಠ ಉಷ್ಣತೆಯೂ 32 ಡಿಗ್ರಿಗಿಂತ ಕೆಳಕ್ಕೆ ಇಳಿಯಲಿಲ್ಲ. ಆ ನಗರವನ್ನೊಳಗೊಂಡ ಮಾರಿಕೋಪಾ ಜಿಲ್ಲೆಯಲ್ಲಿ ಆ ವರ್ಷ 645 ಮರಣಗಳಿಗೆ ಉಷ್ಣವು ಕಾರಣ ಅಥವಾ ಸಹಕಾರಣವಾಗಿತ್ತೆಂದು ಜಿಲ್ಲೆಯ ಆರೋಗ್ಯ ಇಲಾಖೆಯು ನಿರ್ಣಯಿಸಿತು. ಮನೆಯೊಳಗೆ ಸಂಭವಿಸಿದ ಮರಣಗಳನ್ನು ಪರಿಶೀಲಿಸಿದಾಗ ಕಂಡುಬಂದ ಸಂಗತಿಯು ವಿಚಾರಾರ್ಹವಾದುದು. ಬಹುಪಾಲು ಮನೆಗಳಲ್ಲಿ ಹವಾನಿಯಂತ್ರಕವು ಇದ್ದೇ ಇತ್ತು. ಆದರೆ ಅದು ನಡೆಯುತ್ತಿರಲಿಲ್ಲ.

ಆದುದರಿಂದ ಯಂತ್ರವನ್ನು ಕೊಂಡು ಕೂರಿಸುವುದರಿಂದಲೇ ಕೆಲಸವು ಮುಗಿಯುವುದಿಲ್ಲ. ಅದು ಏಕೆ ನಿಲ್ಲುತ್ತದೆ, ನಿಂತಾಗ ಮನೆಯವರು ಏನನ್ನು ನೋಡಬೇಕು, ಏನನ್ನು ಮುಟ್ಟಬಾರದು ಎಂಬ ತಿಳಿವಳಿಕೆಯೂ ಅಷ್ಟೇ ಅವಶ್ಯಕ. ಕನ್ನಡ ನಾಡಿನಿಂದ ಉದ್ಯೋಗಕ್ಕಾಗಿ ಫೀನಿಕ್ಸಿಗೂ ಅರಬ್ಬೀ ಕೊಲ್ಲಿಯ ನಗರಗಳಿಗೂ ಹೋಗಿ ನೆಲೆಸಿದವರುಂಟು. ಅವರ ವೃದ್ಧ ತಂದೆತಾಯಿಗಳು ಅಲ್ಲಿಗೆ ಹೋದಾಗ, ಮಕ್ಕಳು ಕೆಲಸಕ್ಕೆ ತೆರಳಿದ ಮೇಲೆ, ಹಗಲೆಲ್ಲ ಮನೆಯಲ್ಲಿ ತಾವೇ ಇರಬೇಕಾಗುತ್ತದೆ. ಈ ವಿಷಯವು ನಮಗೆ ತೀರ ದೂರದ್ದಲ್ಲವೆಂಬುದಕ್ಕೆ ಇಷ್ಟು ಸಾಕು. ಭೌತವಿಜ್ಞಾನದ ವಿದ್ಯಾರ್ಥಿಗಾದರೋ ಉಷ್ಣಗತಿಶಾಸ್ತ್ರದ ಎರಡನೆಯ ನಿಯಮವು ಮನೆಯ ಛಾವಣಿಯ ಮೇಲೆಯೇ ನಿಂತು ಪಾಠ ಹೇಳುವ ಸಂದರ್ಭವಿದು.

1. ಯಂತ್ರದ ತತ್ತ್ವ

ಹವಾನಿಯಂತ್ರಕವು ತಂಪನ್ನು ಉತ್ಪತ್ತಿಮಾಡುತ್ತದೆಂದು ಹೇಳುವುದು ವಾಡಿಕೆ. ವಾಸ್ತವವಾಗಿ ಅದು ಮನೆಯೊಳಗಿನ ಶಾಖವನ್ನು ಹೊರಕ್ಕೆ ಸಾಗಿಸುವ ಪಂಪು. ಒಳಗಿನ ಲೋಹದ ಸುರುಳಿಯಲ್ಲಿ ಶೀತಕದ್ರವವು ಕಡಮೆ ಒತ್ತಡದಲ್ಲಿ ಕುದಿದು ಆವಿಯಾಗುತ್ತದೆ. ಹಾಗೆ ಕುದಿಯಲು ಬೇಕಾದ ಶಾಖವನ್ನು ಕೋಣೆಯ ಗಾಳಿಯಿಂದ ಹೀರಿಕೊಳ್ಳುತ್ತದೆ. ಕಂಪ್ರೆಸರು ಆ ಆವಿಯನ್ನು ಅದುಮಿ, ಅದರ ಒತ್ತಡವನ್ನೂ ಉಷ್ಣತೆಯನ್ನೂ ಏರಿಸಿ, ಹೊರಗಿನ ಸುರುಳಿಗೆ ಕಳುಹಿಸುತ್ತದೆ. ಅಲ್ಲಿ ಆವಿಯು ತನ್ನ ಶಾಖವನ್ನು ಹೊರಗಾಳಿಗೆ ಬಿಟ್ಟುಕೊಟ್ಟು ಮರಳಿ ದ್ರವವಾಗುತ್ತದೆ. ಹೊರಸುರುಳಿಯು ಹೊರಗಾಳಿಗಿಂತ ಬಿಸಿಯಾಗಿದ್ದರೆ ಮಾತ್ರ ಶಾಖವು ಅದರಿಂದ ಹೊರಬೀಳುವುದು ಸಾಧ್ಯ. ಮರುಭೂಮಿಯಲ್ಲಿ ಒದಗುವ ತೊಂದರೆಗಳ ಮೂಲವು ಇಲ್ಲಿಯೇ ಇದೆ.

ಒಂದು ಸಣ್ಣ ಲೆಕ್ಕವನ್ನು ನೋಡಬಹುದು. ಒಳಸುರುಳಿಯ ಉಷ್ಣತೆ 7 ಡಿಗ್ರಿ, ಅಂದರೆ ನಿರಪೇಕ್ಷ ಮಾನದಲ್ಲಿ 280 ಎಂದೂ, ಹೊರಸುರುಳಿಯು ಹೊರಗಾಳಿಗಿಂತ 15 ಡಿಗ್ರಿ ಬಿಸಿಯಾಗಿರುವುದೆಂದೂ ಇಟ್ಟುಕೊಳ್ಳೋಣ. ಹೊರಗೆ 35 ಡಿಗ್ರಿ ಇದ್ದಾಗ ಹೊರಸುರುಳಿಯು 50 ಡಿಗ್ರಿಯಲ್ಲಿರುತ್ತದೆ. ಆಗ ಆದರ್ಶ ಯಂತ್ರವೊಂದು ವ್ಯಯವಾದ ಪ್ರತಿಯೊಂದು ಭಾಗ ಕೆಲಸಕ್ಕೆ 280 ಭಾಗಿಸು 43, ಎಂದರೆ ಸುಮಾರು 6.5 ಭಾಗ ಶಾಖವನ್ನು ಎತ್ತಬಲ್ಲದು. ಹೊರಗೆ 46 ಡಿಗ್ರಿಯಾದರೆ ಈ ಸಂಖ್ಯೆ 5.2ಕ್ಕೆ ಇಳಿಯುತ್ತದೆ. ಇದರ ಮೇಲೆ ಹೊರಸುರುಳಿಗೆ ಧೂಳು ಮೆತ್ತಿ ಅದರ ಉಷ್ಣತೆ 70 ಡಿಗ್ರಿಗೆ ಏರಿದರೆ 4.4 ಮಾತ್ರ ಉಳಿಯುತ್ತದೆ. ನಿಜವಾದ ಯಂತ್ರದ ಸಾಧನೆಯು ಇದಕ್ಕಿಂತ ಎಷ್ಟೋ ಕಡಮೆ. ಆದರೂ ಇಳಿತದ ರೀತಿ ಇದೇ. ಮನೆಗೆ ಅತ್ಯಂತ ಹೆಚ್ಚು ತಂಪು ಬೇಕಾದ ಹೊತ್ತಿನಲ್ಲಿಯೇ ಯಂತ್ರದ ಶಕ್ತಿಯು ಅತ್ಯಂತ ಕಡಮೆಯಾಗುತ್ತದೆ. ಏಪ್ರಿಲಿನಲ್ಲಿ ಯಾರ ಗಮನಕ್ಕೂ ಬಾರದ ಸಣ್ಣ ಕೊರತೆಯು ಜುಲೈ ತಿಂಗಳ ಮಧ್ಯಾಹ್ನದಲ್ಲಿ ಯಂತ್ರವನ್ನು ನಿಲ್ಲಿಸಿಬಿಡುವುದು ಇದರಿಂದಲೇ.

2. ನಾಲ್ಕು ಪ್ರಶ್ನೆಗಳು

ವೈದ್ಯನು ನಾಡಿಯನ್ನು ನೋಡದೆ ಔಷಧವನ್ನು ಕೊಡುವುದಿಲ್ಲ. ಹಾಗೆಯೇ ಯಂತ್ರವು ಕೆಟ್ಟಿತೆಂದು ತೋರಿದೊಡನೆ ಈ ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳಬೇಕು. ಥರ್ಮೊಸ್ಟ್ಯಾಟು ತಂಪನ್ನು ಬೇಡುತ್ತಿದೆಯೆ? ಒಳಗಿನ ಗಾಳಿಯ ಫ್ಯಾನು ತಿರುಗುತ್ತಿದೆಯೆ? ಹೊರಗಿನ ಘಟಕವು ನಡೆಯುತ್ತಿದೆಯೆ? ಯಂತ್ರದೊಳಕ್ಕೆ ಹೋಗುವ ಗಾಳಿಗೂ ಅದರಿಂದ ಬರುವ ಗಾಳಿಗೂ ಉಷ್ಣತೆಯ ಅಂತರವೆಷ್ಟು? ಕೊನೆಯ ಪ್ರಶ್ನೆಗೆ ಸಾಧಾರಣವಾದ ಒಂದು ಉಷ್ಣಮಾಪಕವು ಸಾಕು. ಯಂತ್ರವು ಹದಿನೈದು ನಿಮಿಷ ನಡೆದ ಮೇಲೆ ಅಳೆದಾಗ ಈ ಅಂತರವು ಸಾಮಾನ್ಯವಾಗಿ 8ರಿಂದ 11 ಡಿಗ್ರಿಗಳೊಳಗೆ ಇರತಕ್ಕದ್ದು. ಉತ್ತರಗಳಿಗನುಸಾರವಾಗಿ ದೋಷಗಳು ನಾಲ್ಕು ವರ್ಗಗಳಾಗುತ್ತವೆ.

3. ಒಳಗೂ ಹೊರಗೂ ಎರಡೂ ನಿಂತಿದ್ದರೆ

ಇಂಥ ಸಂದರ್ಭದಲ್ಲಿ ದೋಷವು ಹೆಚ್ಚಾಗಿ ಅಲ್ಪವಾದುದು. ಥರ್ಮೊಸ್ಟ್ಯಾಟಿನ ಬ್ಯಾಟರಿ ಮುಗಿದಿರಬಹುದು. ಯಾರೋ ಅದನ್ನು ಬೇರೆ ಸ್ಥಾನಕ್ಕೆ ತಿರುಗಿಸಿರಬಹುದು. ವಿದ್ಯುತ್ ಫಲಕದ ಬ್ರೇಕರು ಬಿದ್ದಿರಬಹುದು. ಬ್ರೇಕರನ್ನು ಒಮ್ಮೆ ಮೇಲೆತ್ತಿ ನೋಡಬಹುದು. ಮತ್ತೆ ಬಿದ್ದರೆ ಎತ್ತಕೂಡದು. ಎರಡನೆಯ ಸಲ ಬೀಳುವ ಬ್ರೇಕರು ಎಲ್ಲಿಯೋ ವಿದ್ಯುತ್ತು ಮಿತಿಮೀರಿ ಹರಿಯುತ್ತಿದೆಯೆಂಬುದರ ಸೂಚನೆ. ಅದನ್ನು ಹಟದಿಂದ ಎತ್ತುತ್ತ ಹೋದರೆ ತಂತಿ ಸುಟ್ಟು ಬೆಂಕಿ ಹತ್ತುವ ಅಪಾಯವುಂಟು.

ಇನ್ನೊಂದು ಕಾರಣವು ಮಳೆಗಾಲಕ್ಕೆ ಸಂಬಂಧಪಟ್ಟದ್ದು. ಆರಿಜೋನಾದಲ್ಲಿಯೂ ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದು ಬಗೆಯ ಮುಂಗಾರು ಉಂಟು. ಆಗ ಗಾಳಿಯಲ್ಲಿ ತೇವವು ಹೆಚ್ಚಿ, ಒಳಸುರುಳಿಯ ಮೇಲೆ ನೀರು ಹನಿಗಟ್ಟಿ ಹರಿಯುತ್ತದೆ. ಅದು ಹೋಗುವ ಕೊಳವೆಯು ಪಾಚಿಯಿಂದಲೋ ಧೂಳಿನಿಂದಲೋ ಕಟ್ಟಿಕೊಂಡರೆ ತಟ್ಟೆಯಲ್ಲಿ ನೀರು ಏರುತ್ತದೆ. ಅನೇಕ ಮನೆಗಳಲ್ಲಿ ತೇಲುಬೆಂಡಿನ ಸ್ವಿಚ್ಚೊಂದು ಆಗ ಯಂತ್ರವನ್ನು ತಾನಾಗಿ ನಿಲ್ಲಿಸುತ್ತದೆ. ಇದು ದೋಷವಲ್ಲ, ರಕ್ಷಣೆ. ಕೊಳವೆಯನ್ನು ಶುದ್ಧಿಮಾಡಿದರೆ ಯಂತ್ರವು ಮರಳಿ ನಡೆಯುತ್ತದೆ.

4. ಒಳಗಿನ ಫ್ಯಾನು ತಿರುಗುತ್ತ ಹೊರಗಿನ ಘಟಕ ನಿಂತಿದ್ದರೆ

ಮರುಭೂಮಿಯಲ್ಲಿ ಬಹು ಸಾಮಾನ್ಯವಾದ ಕಾರಣವೆಂದರೆ ಕೆಪ್ಯಾಸಿಟರಿನ ನಾಶ. ಹೊರಗಿನ ಫ್ಯಾನಿನ ಮೋಟಾರಿಗೂ ಕಂಪ್ರೆಸರಿಗೂ ತಿರುಗಲು ಬೇಕಾದ ವಿದ್ಯುತ್ ಕಲಾಂತರವನ್ನು ಒದಗಿಸುವ ಈ ಚಿಕ್ಕ ಲೋಹದ ಡಬ್ಬಿಯು ಬಿಸಿಲಿನಲ್ಲಿ ನಿಂತ ಪೆಟ್ಟಿಗೆಯೊಳಗೆ ಬೇಯುತ್ತಿರುತ್ತದೆ. ಅದರ ಉಷ್ಣತೆಯು ಹತ್ತು ಡಿಗ್ರಿ ಏರಿದಂತೆಲ್ಲ ಆಯುಸ್ಸು ಸುಮಾರು ಅರ್ಧವಾಗುತ್ತದೆಂಬುದು ವಿದ್ಯುತ್ ಶಿಲ್ಪಿಗಳ ಸ್ಥೂಲ ನಿಯಮ. ಡಬ್ಬಿಯ ಮೇಲೆ 45 ಮೈಕ್ರೊಫ್ಯಾರಡ್, ಶೇಕಡಾ 6 ಎಂದು ಬರೆದಿದ್ದರೆ ಅದರ ಧಾರಕತ್ವವು 42.3ಕ್ಕಿಂತ ಇಳಿದಾಗ ಅದನ್ನು ಬದಲಾಯಿಸತಕ್ಕದ್ದು. ಹೊರಗಿನ ಘಟಕವು ಗುಂಯ್‌ಗುಟ್ಟುತ್ತ ಫ್ಯಾನು ಮಾತ್ರ ತಿರುಗದಿರುವುದು, ಡಬ್ಬಿಯ ನೆತ್ತಿ ಉಬ್ಬಿರುವುದು, ಇವು ಅದರ ಲಕ್ಷಣಗಳು. ವಿದ್ಯುತ್ತನ್ನು ಕಡಿದ ಮೇಲೂ ಅದರಲ್ಲಿ ಆವೇಶವು ಉಳಿದಿರಬಹುದಾದ್ದರಿಂದ ಬಲ್ಲವರ ಹೊರತು ಇತರರು ಅದನ್ನು ಮುಟ್ಟಲಾಗದು. ಗುಂಯ್‌ಗುಟ್ಟುವ ಯಂತ್ರವನ್ನು ಕೂಡಲೆ ನಿಲ್ಲಿಸುವುದು ಮನೆಯವರ ಕೆಲಸ. ಇಲ್ಲವಾದರೆ ಕಡಮೆ ಬೆಲೆಯ ಕೆಪ್ಯಾಸಿಟರಿನ ದೋಷವು ಬಹು ಬೆಲೆಯ ಕಂಪ್ರೆಸರನ್ನು ಸುಡುತ್ತದೆ.

ವಿದ್ಯುತ್ತನ್ನು ಜೋಡಿಸುವ ಕಾಂಟ್ಯಾಕ್ಟರಿನ ಲೋಹದ ತುದಿಗಳು ಸವೆದಿರುವುದೂ, ಅವುಗಳ ನಡುವೆ ಇರುವೆಗಳು ಸಿಕ್ಕಿಕೊಂಡಿರುವುದೂ ಉಂಟು. ಯಂತ್ರವು ಬೆಳಗ್ಗೆ ನಡೆದು ಮಧ್ಯಾಹ್ನ ನಿಂತು ಸಂಜೆ ಮತ್ತೆ ನಡೆದರೆ, ಹೊರಸುರುಳಿಯಲ್ಲಿ ಒತ್ತಡವು ಮಿತಿಮೀರಿ ರಕ್ಷಕ ಸ್ವಿಚ್ಚು ಅದನ್ನು ನಿಲ್ಲಿಸುತ್ತಿದೆಯೆಂದು ಊಹಿಸಬಹುದು.

5. ಎರಡೂ ನಡೆಯುತ್ತ ಉಷ್ಣತೆಯ ಅಂತರ ಕಡಮೆಯಿದ್ದರೆ

ಇಲ್ಲಿ ಮೂರು ಕಾರಣಗಳನ್ನು ವಿಚಾರಿಸಬೇಕು. ಮೊದಲನೆಯದು ಹೊರಸುರುಳಿಯ ಧೂಳು. ಫೀನಿಕ್ಸಿನ ಮೇಲೆ ಅರಬ್ಬೀ ಮೂಲದ ಹೆಸರಿನಿಂದ ಹಬೂಬ್ ಎಂದು ಕರೆಯುವ ಧೂಳಿನ ಬಿರುಗಾಳಿಗಳು ಎರಗುತ್ತವೆ. 2011ನೆಯ ಜುಲೈ 5ರಂದು ಬಂದದ್ದು ಬಹು ಪ್ರಸಿದ್ಧವಾಯಿತು. ಇಂಥ ಗಾಳಿಯ ಮರುದಿನ ವಿದ್ಯುತ್ತನ್ನು ಕಡಿದು, ತೋಟಕ್ಕೆ ನೀರು ಹಾಯಿಸುವ ಕೊಳವೆಯಿಂದ ಮೆಲ್ಲಗೆ ಸುರುಳಿಯನ್ನು ತೊಳೆಯುವುದು ಯುಕ್ತ. ನೀರಿನ ರಭಸವು ಹೆಚ್ಚಾದರೆ ತೆಳುವಾದ ರೆಕ್ಕೆಗಳು ಬಾಗುತ್ತವೆ.

ಎರಡನೆಯದು ಕೇಳಿದವರಿಗೆ ಆಶ್ಚರ್ಯವನ್ನುಂಟುಮಾಡುವಂಥದು. ಹೊರಗೆ ನಲವತ್ತೈದು ಡಿಗ್ರಿ ಬಿಸಿಲಿದ್ದಾಗ ಯಂತ್ರದೊಳಗೆ ಮಂಜುಗಡ್ಡೆ ಕಟ್ಟುತ್ತದೆ! ಧೂಳು ತುಂಬಿದ ಫಿಲ್ಟರಿನಿಂದ ಗಾಳಿಯ ಹರಿವು ಕುಗ್ಗಿದರೆ ಒಳಸುರುಳಿಗೆ ಸಾಕಷ್ಟು ಶಾಖವು ದೊರೆಯುವುದಿಲ್ಲ. ಒಳಗಿನ ಒತ್ತಡವು ಇಳಿದು ಶೀತಕವು ಸೊನ್ನೆ ಡಿಗ್ರಿಗಿಂತ ಕೆಳಗೆ ಕುದಿಯತೊಡಗುತ್ತದೆ. ಗಾಳಿಯ ತೇವವು ಸುರುಳಿಯ ಮೇಲೆ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಗಾಳಿಯನ್ನು ಮತ್ತಷ್ಟು ತಡೆಯುತ್ತದೆ. ಮೊದಮೊದಲು ಬರುವ ಗಾಳಿಯು ಅಲ್ಪವಾದರೂ ಬಹಳ ತಣ್ಣಗಿದ್ದು, ಅಂತರವು 12 ಡಿಗ್ರಿಯನ್ನೂ ಮೀರಬಹುದು. ಹೆಪ್ಪು ಪೂರ್ಣವಾದ ಮೇಲೆ ಗಾಳಿಯೇ ಬರುವುದಿಲ್ಲ. ಬಳಸದ ಕೋಣೆಗಳ ಗಾಳಿಕಿಂಡಿಗಳನ್ನು ಮುಚ್ಚಿ ಉಳಿತಾಯ ಮಾಡಲೆಳಸುವವರೂ ಇದೇ ದೋಷವನ್ನು ತಂದುಕೊಳ್ಳುತ್ತಾರೆ. ಪರಿಹಾರವು ಸುಲಭ. ತಂಪುಮಾಡುವುದನ್ನು ನಿಲ್ಲಿಸಿ, ಫ್ಯಾನನ್ನು ಮಾತ್ರ ನಡೆಸಿ, ಕೆಲವು ಗಂಟೆ ಹೆಪ್ಪು ಕರಗಲು ಬಿಟ್ಟು, ಹೊಸ ಫಿಲ್ಟರನ್ನು ಹಾಕಬೇಕು. ಚಾಕುವಿನಿಂದ ಕೆರೆಯಕೂಡದು. ಧೂಳಿನ ನಾಡಿನಲ್ಲಿ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಫಿಲ್ಟರನ್ನು ನೋಡುವುದು ಒಳ್ಳೆಯ ಅಭ್ಯಾಸ.

ಮೂರನೆಯದು ಶೀತಕದ ಸೋರಿಕೆ. 'ಗ್ಯಾಸು ಮುಗಿದಿದೆ, ತುಂಬಿಸಬೇಕು' ಎಂಬ ಮಾತನ್ನು ಎಲ್ಲೆಡೆಯೂ ಕೇಳುತ್ತೇವೆ. ಶೀತಕವು ದೀಪದ ಎಣ್ಣೆಯಂತೆ ಉರಿದು ಮುಗಿಯುವ ವಸ್ತುವಲ್ಲ; ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಕಡಮೆಯಾಗಿದ್ದರೆ ಎಲ್ಲಿಯೋ ರಂಧ್ರವಿದೆ. ಅದನ್ನು ಮುಚ್ಚದೆ ತುಂಬುವುದು ಒಡಕು ಕೊಡಕ್ಕೆ ನೀರೆರೆದಂತೆ. ಹಳೆಯ ಯಂತ್ರಗಳಲ್ಲಿರುವ ಆರ್-22 ಎಂಬ ಶೀತಕವು ಓಜೋನ್ ಪದರಕ್ಕೆ ಹಾನಿಕರವಾದುದರಿಂದ, 1987ರ ಮಾಂಟ್ರಿಯಲ್ ಒಪ್ಪಂದದ ಕ್ರಮವನ್ನನುಸರಿಸಿ, ಅಮೆರಿಕದಲ್ಲಿ ಅದರ ಹೊಸ ಉತ್ಪಾದನೆಯೂ ಆಮದೂ 2020ರ ಆರಂಭದಿಂದ ನಿಂತಿವೆ. ಸೋರುವ ಹಳೆಯ ಯಂತ್ರವನ್ನು ಉಳಿಸಿಕೊಳ್ಳುವುದು ಲಾಭವೊ ನಷ್ಟವೊ ಎಂಬುದನ್ನು ಇದನ್ನರಿತು ನಿರ್ಧರಿಸಬೇಕು.

6. ಅಂತರ ಸರಿಯಿದ್ದೂ ಮನೆ ತಣಿಯದಿದ್ದರೆ

ಇಂಥಲ್ಲಿ ಯಂತ್ರವು ನಿರಪರಾಧಿ. ಫೀನಿಕ್ಸಿನ ಅನೇಕ ಮನೆಗಳಲ್ಲಿ ಗಾಳಿಯ ನಾಳಗಳು ಛಾವಣಿಯ ಕೆಳಗಿನ ಅಟ್ಟದಲ್ಲಿ ಹಾಯ್ದಿವೆ. ಬೇಸಿಗೆಯಲ್ಲಿ ಆ ಅಟ್ಟದ ಉಷ್ಣತೆಯು 60 ಡಿಗ್ರಿಯ ವರೆಗೂ ಏರಬಲ್ಲದು. ನಾಳದ ಕೀಲು ಬಿಟ್ಟರೆ ತಣಿದ ಗಾಳಿಯು ಅಟ್ಟಕ್ಕೆ ಸೋರಿ, ಅಟ್ಟದ ಬಿಸಿಗಾಳಿಯು ಮನೆಗೆ ಸೇರುತ್ತದೆ. ಇದಲ್ಲದೆ, ಯಂತ್ರದ ಸಾಮರ್ಥ್ಯವನ್ನು ಹೊರಗೆ 35 ಡಿಗ್ರಿ ಇರುವಾಗ ಅಳೆದು ನಮೂದಿಸುವುದು ರೂಢಿ. 46 ಡಿಗ್ರಿಯ ದಿನ ಒಳಗಿನ ಉಷ್ಣತೆಯು ಒಂದೆರಡು ಡಿಗ್ರಿ ಏರಿದರೆ ಗಾಬರಿಯಾಗಬೇಕಾದುದಿಲ್ಲ. ಆಗ ಥರ್ಮೊಸ್ಟ್ಯಾಟನ್ನು ತೀರ ಕೆಳಕ್ಕೆ ಇಳಿಸುವುದು ವ್ಯರ್ಥ. ಒಂದೇ ವೇಗದಲ್ಲಿ ನಡೆಯುವ ಯಂತ್ರವು ಅದರಿಂದ ಬೇಗ ತಣಿಸುವುದಿಲ್ಲ. ಪಶ್ಚಿಮದ ಕಿಟಕಿಗಳಿಗೆ ಹೊರಗಿನಿಂದ ನೆರಳು ಮಾಡುವುದು ಅದಕ್ಕಿಂತ ಫಲಕಾರಿ.

ಕೆಲವು ಮನೆಗಳಲ್ಲಿ ಇನ್ನೂ ನೀರಿನ ಕೂಲರುಗಳಿವೆ. ನಮ್ಮ ಲಾವಂಚದ ತಟ್ಟಿಯ ತತ್ತ್ವವೇ ಅವುಗಳದೂ. ಕಲಬುರಗಿ, ರಾಯಚೂರುಗಳ ಒಣ ಬೇಸಿಗೆಯಲ್ಲಿ ಅವು ಚೆನ್ನಾಗಿ ನಡೆಯುವುದನ್ನು ಬಲ್ಲೆವು. ಗಾಳಿಯು 43 ಡಿಗ್ರಿಯಲ್ಲಿದ್ದು ಸಾಪೇಕ್ಷ ಆರ್ದ್ರತೆಯು ಶೇಕಡಾ 10 ಇದ್ದರೆ ಒದ್ದೆ ಬಲ್ಬಿನ ಉಷ್ಣತೆ ಸುಮಾರು 20. ಶೇಕಡಾ 80ರಷ್ಟು ದಕ್ಷತೆಯ ಕೂಲರು ಗಾಳಿಯನ್ನು 25 ಡಿಗ್ರಿಗೆ ಇಳಿಸುತ್ತದೆ. ಮುಂಗಾರು ಬಂದು 40 ಡಿಗ್ರಿಯಲ್ಲಿ ಆರ್ದ್ರತೆಯು ಶೇಕಡಾ 30 ಆದರೆ ಅದೇ ಕೂಲರು 28 ಡಿಗ್ರಿಯ ತೇವದ ಗಾಳಿಯನ್ನು ಕೊಡುತ್ತದೆ. ಕೂಲರು ಕೆಟ್ಟಿಲ್ಲ, ಋತು ಬದಲಾಗಿದೆ.

7. ದುರಸ್ತಿಯಾಗುವವರೆಗೆ

ಮರುಭೂಮಿಯಲ್ಲಿ ಯಂತ್ರವು ನಿಂತ ಮನೆಯು ಕೆಲವೇ ಗಂಟೆಗಳಲ್ಲಿ ವಾಸಕ್ಕೆ ಅಯೋಗ್ಯವಾಗಬಹುದು. ಗಾಳಿಯು ಚರ್ಮಕ್ಕಿಂತ, ಅಂದರೆ ಸುಮಾರು 35 ಡಿಗ್ರಿಗಿಂತ ಬಿಸಿಯಾದ ಮೇಲೆ ಫ್ಯಾನು ದೇಹಕ್ಕೆ ಶಾಖವನ್ನೇ ತಂದು ಸುರಿಯುತ್ತದೆ. ಆದ್ದರಿಂದ ಫ್ಯಾನೊಂದನ್ನೇ ನಂಬಿ ಕುಳಿತುಕೊಳ್ಳಲಾಗದು. ವೃದ್ಧರು, ಶಿಶುಗಳು, ರೋಗಿಗಳನ್ನು ನೆರೆಯವರ ಮನೆಗೋ ಗ್ರಂಥಾಲಯಕ್ಕೋ ತಂಪಿರುವ ಬೇರೆ ಸ್ಥಳಕ್ಕೋ ಮೊದಲು ಕರೆದೊಯ್ಯಬೇಕು. ಯಂತ್ರದ ವಿಚಾರ ಆಮೇಲೆ. ಮಾತು ತೊದಲುವುದು, ಗಲಿಬಿಲಿ, ಪ್ರಜ್ಞೆ ತಪ್ಪುವುದು, ಇವು ಕಂಡರೆ ಅದು ಉಷ್ಣಾಘಾತ. ಕೂಡಲೆ ವೈದ್ಯರಿಗೆ ಕರೆ ಕಳುಹಿಸಿ, ನೆರವು ಬರುವವರೆಗೆ ದೇಹವನ್ನು ನೀರಿನಿಂದ ತಣಿಸುತ್ತಿರಬೇಕು. ದುರಸ್ತಿಗೆ ಹಣವಿಲ್ಲವೆಂದೋ, ಯಾರಿಗೆ ತೊಂದರೆ ಕೊಡುವುದೆಂದೋ, ಸಂಜೆಗೆ ತಣ್ಣಗಾದೀತೆಂದೋ ಕಾಯುವವರುಂಟು. 2023ರ ಜುಲೈನಂಥ ತಿಂಗಳಿನಲ್ಲಿ ಸಂಜೆಯೂ ತಣ್ಣಗಾಗುವುದಿಲ್ಲ, ರಾತ್ರಿಯೂ ತಣ್ಣಗಾಗುವುದಿಲ್ಲ.

ಮೇಲೆ ಹೇಳಿದ ದೋಷಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಬೇಸಿಗೆಗೆ ಮುನ್ನವೇ ಕಂಡುಹಿಡಿಯಬಹುದು. ಮಾರ್ಚ್ ತಿಂಗಳಿನಲ್ಲಿ ಫಿಲ್ಟರು, ಹೊರಸುರುಳಿ, ನೀರಿನ ಕೊಳವೆ, ಕೆಪ್ಯಾಸಿಟರು, ಈ ನಾಲ್ಕನ್ನು ನೋಡಿಸಿ, ಉಷ್ಣತೆಯ ಅಂತರವನ್ನು ಅಳೆದು ಬರೆದಿಟ್ಟುಕೊಂಡರೆ ಜುಲೈನಲ್ಲಿ ಹೋಲಿಸಿ ನೋಡಲು ಒಂದು ಅಂಕಿಯು ಕೈಯಲ್ಲಿರುತ್ತದೆ. ಅಂಥ ನಾಡಿಗೆ ತಂದೆತಾಯಿಗಳನ್ನು ಕರೆಸಿಕೊಳ್ಳುವವರು ಬ್ರೇಕರು ಎಲ್ಲಿದೆಯೆಂಬುದನ್ನೂ, ಯಂತ್ರವು ನಿಂತರೆ ಯಾವ ಮನೆಯ ಬಾಗಿಲನ್ನು ತಟ್ಟಬೇಕೆಂಬುದನ್ನೂ ಬಂದ ದಿನವೇ ಅವರಿಗೆ ತೋರಿಸಿಕೊಡುವುದು ಒಳ್ಳೆಯದು.