ನೀರಿನ ಪಾಳಿ, ಸರ್ವರಿನ ಪಾಳಿ

ಬೈಲಹೊಂಗಲದ ಹತ್ತಿ ಜಿನ್ನಿಂಗ್ ಮಿಲ್ಲೊಂದರ ಆಫೀಸಿನಲ್ಲಿ ಸರ್ವರಿನ ಮುಚ್ಚಳ ತೆಗೆದು ನೋಡಿದೆ. ಪ್ರೊಸೆಸರ್ ಮೇಲಿನ ಅಲ್ಯೂಮಿನಿಯಂ ಹಲ್ಲುಗಳ ನಡುವೆ ಅರಳೆಯ ಧೂಳು ಒತ್ತಿಕೊಂಡು ಕೂತು ತೆಳು ಗಾದಿಯಂತಾಗಿತ್ತು. ಒಳಗೆ ಓಡುತ್ತಿದ್ದುದು ವಿಂಡೋಸ್ ಸರ್ವರ್ 2003. ಮೈಕ್ರೋಸಾಫ್ಟ್ ಅದರ ಆರೈಕೆ ನಿಲ್ಲಿಸಿದ್ದು 2015ರ ಜುಲೈ 14ರಂದು. ರೈತರ ಖಾತೆ, ಅಂಡಿಗೆಗಳ ಲೆಕ್ಕ, ಕಾಟಾ ಚೀಟಿ ಎಲ್ಲವೂ ಅದರಲ್ಲೇ. ತಂತ್ರಾಂಶ ಬರೆದುಕೊಟ್ಟವರು ಈಗ ಸಿಗುವುದಿಲ್ಲ.

"ಡಬ್ಬಿ ಹೋದ್ರ ಹೋಗ್ಲಿ ಸರ, ಖಾತೆ ಉಳೀಬೇಕ್ರಿ" ಎಂದರು ಸಾಹುಕಾರರು.

ಇಂಥ ಹೊತ್ತಿಗೆ ಒದಗುವುದು ವರ್ಚುವಲ್ ಮಷಿನ್. ಹಳೆಯ ಗಣಕದ ಡಿಸ್ಕನ್ನು ಇಡಿಯಾಗಿ ಒಂದು ಫೈಲ್ ಮಾಡಿ, ಹೊಸ ಗಣಕದೊಳಗೆ ಇನ್ನೊಂದು ಗಣಕವಾಗಿ ಓಡಿಸುವುದು. ಒಂದೇ ಯಂತ್ರದಲ್ಲಿ ಮೂರು ನಾಲ್ಕು ಇದ್ದರೂ ಒಂದಕ್ಕೊಂದು ತಿಳಿಯುವುದಿಲ್ಲ. ಸವದತ್ತಿ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನವಿಲುತೀರ್ಥದಿಂದ ಕಾಲುವೆಗೆ ನೀರು ಬಿಟ್ಟಾಗ ಪಾಳಿ ಇರುತ್ತದೆ, ತನ್ನ ಪಾಳಿಯಲ್ಲಿ ನೀರೆಲ್ಲ ತನ್ನದೇ. ಪ್ರೊಸೆಸರಿನ ಹೊತ್ತನ್ನು ಹೀಗೆ ಮಿಲಿಸೆಕೆಂಡುಗಳ ಪಾಳಿ ಮಾಡಿ ಹಂಚುವ ತಂತ್ರಾಂಶವೇ ಹೈಪರ್‌ವೈಸರ್.

ಪಾಳಿಗಿಂತ ಕಷ್ಟದ್ದು ತೂಬು ಕಾಯುವುದು. ಒಳಗಿನ ಗಣಕವೊಂದು ಡಿಸ್ಕಿಗೋ ಮೆಮೊರಿಗೋ ನೇರ ಕೈಹಾಕಿ ತಾನೇ ತೂಬು ಎತ್ತಲು ಹೋದರೆ, ಪ್ರೊಸೆಸರ್ ಅದನ್ನು ತಡೆದು ಹೈಪರ್‌ವೈಸರನ್ನು ಕರೆಯಬೇಕು. ಐಬಿಎಂ ತನ್ನ ದೊಡ್ಡ ಗಣಕಗಳಿಗೆ ಇಂಥ ವ್ಯವಸ್ಥೆಯನ್ನು, ವಿಎಂ/370 ಎಂಬ ಹೆಸರಿನಲ್ಲಿ, 1972ರಲ್ಲೇ ತಂದಿತ್ತು. ಪೇಟೆಯ ಅಂಗಡಿಗಳಿಗೆ ಬಂದ ಇಂಟೆಲ್ ಪೆಂಟಿಯಂನಲ್ಲಿ ಮಾತ್ರ 17 ಆದೇಶಗಳು ಈ ತಡೆಗೆ ಸಿಗದೆ ನುಸುಳುತ್ತಿದ್ದವು. ವಿಎಂವೇರ್ ಕಂಪನಿ 1999ರಲ್ಲಿ ಅವನ್ನು ಓಡುವ ಗಳಿಗೆಯಲ್ಲೇ ಬದಲಿಸುವ ಜಾಣ್ಮೆ ತೋರಿಸಿತು. 2005ರಿಂದ ಆ ತಡೆ ಇಂಟೆಲ್ ಪ್ರೊಸೆಸರಿನೊಳಗೇ ಬಂತು. ಕಿತ್ತೂರಿನ ಗೊಬ್ಬರದಂಗಡಿಗಾಗಲಿ ರಾಮದುರ್ಗದ ಸೀರೆ ವ್ಯಾಪಾರಿಗಾಗಲಿ ಈ ವಿದ್ಯೆ ಕೈಗೆಟುಕಿದ್ದು ಹೀಗೆ.

ನಕಲು ತೆಗೆಯುವುದು ಹಗುರದ ಕೆಲಸ. ಸಂಜೆ ವ್ಯವಹಾರ ಮುಗಿದ ಮೇಲೆ ಖಾತೆಯ ತಂತ್ರಾಂಶ ನಿಲ್ಲಿಸಿ, ಡಿಸ್ಕ್‌2ವಿಎಚ್‌ಡಿ ಎಂಬ ಉಚಿತ ಸಾಧನ ಓಡಿಸಿದರಾಯಿತು. ತೊಡಕು ಇರುವುದು ಎಬ್ಬಿಸುವುದರಲ್ಲಿ. ನಮಗೆ ಮೊದಲ ಸಲ ಕಂಡದ್ದು ನೀಲಿ ಪರದೆ, 7ಬಿ ಎಂಬ ಸಂಕೇತ. ಹಳೆಯ ವಿಂಡೋಸ್ ಡಿಸ್ಕುಗಳನ್ನು ನಡೆಸುವ ತನ್ನ ಹಳೆಯ ರೇಡ್ ಕಾರ್ಡನ್ನೇ ಹುಡುಕುತ್ತಿತ್ತು, ಹೊಸ ಮನೆಯಲ್ಲಿ ಅದೆಲ್ಲಿ ಬರಬೇಕು? ಹಳೆಯ ಯಂತ್ರಕ್ಕೆ ಮರಳಿ, ಸಾದಾ ಐಡಿಇ ಡ್ರೈವರ್ ಮೊದಲೇ ಎದ್ದು ಕೂರುವಂತೆ ಮಾಡಿ, ಮತ್ತೆ ನಕಲು ತೆಗೆದೆವು. ಎರಡನೆಯ ಸಲ ಎದ್ದಿತು. ಅದಕ್ಕೂ ಮುಂಚೆ ಹಳೆಯದರ ನೆಟ್‌ವರ್ಕ್ ತಂತಿ ಕಿತ್ತಿದ್ದೆವು. ಒಂದೇ ಹೆಸರು, ಒಂದೇ ವಿಳಾಸದ ಎರಡು ಸರ್ವರ್ ಒಟ್ಟಿಗೆ ಎದ್ದರೆ ಚೀಟಿಗಳು ಯಾವುದರಲ್ಲಿ ಕೂತವೆಂದು ಹುಡುಕುವುದೇ ಒಂದು ಪಾಡು.

ಹೊಸ ಪೆಟ್ಟಿಗೆಯೊಳಗೆ ಹೋದರೂ 2003ರ ವಿಂಡೋಸ್ 2003ರದೇ. ಅದಕ್ಕೆ ಇಂಟರ್ನೆಟ್ ಕೊಡಲಿಲ್ಲ. ಇನ್ನು ಒಳಗಿನ ಗಣಕದ ಆ ಗಳಿಗೆಯ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ಇದೆಯೆಂದು ನಿಶ್ಚಿಂತರಾಗಿರುವವರನ್ನು ಕಂಡರೆ ನನಗೆ ದಿಗಿಲು: ಅದು ಸಾಮಾನ್ಯವಾಗಿ ಅದೇ ಡಿಸ್ಕಿನಲ್ಲಿರುತ್ತದೆ, ಡಿಸ್ಕ್ ಸತ್ತರೆ ಅದೂ ಸಾಯುತ್ತದೆ. ಬೇರೆ ಡಿಸ್ಕಿಗೆ ದಿನವೂ ಪ್ರತಿ ತೆಗೆದು, ಮಿಲ್ಲಿನ ಹೊರಗೆ, ಮನೆಯ ತಿಜೋರಿಯಲ್ಲಿ ಇಡಿ ಎಂದೆ.

ಕೊನೆಗೆ ಉಳಿದದ್ದು ಕಾಟಾ. ಕಾಟಾದ ಮೀಟರಿನಿಂದ ಬರುವ ತಂತಿಯ ತುದಿಯಲ್ಲಿ ಒಂಬತ್ತು ಪಿನ್ನಿನ ಸೀರಿಯಲ್ ಕನೆಕ್ಟರ್, ಹೊಸ ಸರ್ವರಿನಲ್ಲಿ ಅದಕ್ಕೆ ಕಿಂಡಿಯೇ ಇಲ್ಲ. ಯುಎಸ್‌ಬಿಗೆ ಬದಲಿಸುವ ತುಂಡೊಂದನ್ನು ಸಿಕ್ಕಿಸಿ, ಅದನ್ನು ಒಳಗಿನ ಗಣಕಕ್ಕೆ ಒಪ್ಪಿಸಿ, ಹಳೆಯ ತಂತ್ರಾಂಶ ಕೇಳುತ್ತಿದ್ದ ಕಾಮ್ 1 ಎಂಬ ಹೆಸರನ್ನೇ ಕೊಟ್ಟೆವು. ಹೊರಗೆ ಹತ್ತಿ ಹೇರಿದ ಟ್ರ್ಯಾಕ್ಟರ್ ಕಾಟಾ ಹತ್ತಿತು. ಮೀಟರಿನ ಕೆಂಪು ಅಂಕಿ ಅಲುಗಾಡಿ 4,860ಕ್ಕೆ ನಿಂತಿತು. ಗುಮಾಸ್ತ ಕಿಟಕಿಯಿಂದ ಅದನ್ನು ನೋಡಿದ, ಪರದೆ ನೋಡಿದ, ಚೀಟಿ ಹರಿದು ಕೊಟ್ಟ.