ಕುಮಟಾ ಕರಾವಳಿಯಲ್ಲಿ ತಾಜಾ ಮೀನೂಟದ ಜಾಡು

ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳಲ್ಲಿ ಮೀನೂಟ ಬಡಿಸುವ ಜಾಗಗಳು ಎರಡು ಬಗೆಯವು. ಒಂದು, ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ದೊಡ್ಡ ಬೋರ್ಡು ಹಾಕಿಕೊಂಡು ಕಾರು, ಬಸ್ಸುಗಳಿಗೆ ಕಾದು ಕೂತ ಹೋಟೆಲು. ಇನ್ನೊಂದು, ಬಂದರಿಗೆ ಹೋಗುವ ದಾರಿಯಲ್ಲೋ ಮೀನುಪೇಟೆಯ ಹಿಂಬದಿಯಲ್ಲೋ ನಾಲ್ಕಾರು ಮೇಜು ಹಾಕಿಕೊಂಡ ಖಾನಾವಳಿ. ಮೊದಲನೆಯದನ್ನು ಯಾರೂ ಹುಡುಕಬೇಕಾಗಿಲ್ಲ, ಅದೇ ಕಣ್ಣಿಗೆ ಬೀಳುತ್ತದೆ. ಎರಡನೆಯದನ್ನು ಹುಡುಕಬೇಕು. ಹುಡುಕುವ ಸುಲಭದ ದಾರಿಯೆಂದರೆ ಹೋಟೆಲಿನ ಹೆಸರು ಕೇಳುವುದಲ್ಲ, ಅಂದು ಮೀನು ಎಲ್ಲಿ ಇಳಿಯಿತು ಎಂದು ಕೇಳುವುದು.

ಮೀನು ಇಳಿಯುವ ತಾಣಗಳು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಕುಮಟಾ ಪೇಟೆಗೆ ಹತ್ತಿರದ್ದು ವನ್ನಳ್ಳಿ ಕಡಲತೀರ. ತಾಲ್ಲೂಕಿನ ಉತ್ತರದಲ್ಲಿ, ಅಘನಾಶಿನಿ ನದಿ ಕಡಲು ಸೇರುವ ಕಡೆ, ತದಡಿ ಬಂದರಿದೆ. ಆಚೆ ದಡದ ಅಘನಾಶಿನಿ ಊರಿಗೆ ಅಲ್ಲಿಂದ ದೋಣಿಯಲ್ಲಿ ದಾಟಬಹುದು. ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿದರೆ ಕಾಸರಕೋಡಿನ ಟೊಂಕ. ಒಂದು ಬದಿಗೆ 2020ರಲ್ಲಿ ನೀಲಿ ಧ್ವಜದ ಮಾನ್ಯತೆ ಪಡೆದ ಪ್ರವಾಸಿ ಕಡಲತೀರ, ಇನ್ನೊಂದು ಬದಿಗೆ ಮೀನುಗಾರರ ಕೇರಿ ಮತ್ತು ಮರಳ ಮೇಲೆ ಒಣಗುವ ಮೀನು. ಮುರ್ಡೇಶ್ವರದಲ್ಲಿ ದೇವಸ್ಥಾನದ ಪಕ್ಕದ ತೀರದಲ್ಲೇ ದೋಣಿಗಳು ಸಾಲಾಗಿ ನಿಂತಿರುತ್ತವೆ. ಭಟ್ಕಳಕ್ಕೆ ಮಾವಿನಕುರ್ವೆ ಮತ್ತು ಅಳ್ವೆಕೋಡಿ.

ದೋಣಿಯ ಬಗೆಯನ್ನೂ ಗಮನಿಸಬೇಕು. ಆಳಸಮುದ್ರಕ್ಕೆ ಹೋಗುವ ದೊಡ್ಡ ಟ್ರಾಲರ್‌ಗಳು ಹಲವು ದಿನ ಕಡಲಲ್ಲೇ ಇದ್ದು, ಹಿಡಿದ ಮೀನನ್ನು ಐಸಿನಲ್ಲಿ ಹೂತಿಟ್ಟುಕೊಂಡು ಬರುತ್ತವೆ. ಅಂಥ ಮೀನು ಬಂದರಿನಲ್ಲಿ ಇಳಿದದ್ದು ಇಂದೇ ಆದರೂ ಸತ್ತದ್ದು ಎಂದೋ. ನಾಡದೋಣಿಯವರು ದಡದ ಹತ್ತಿರ ಬಲೆ ಬಿಟ್ಟು ಅದೇ ದಿನ ಮರಳುತ್ತಾರೆ. ಅವರು ತರುವ ಮೀನು ಕಡಿಮೆ, ಜಾತಿಯೂ ಬೆರಕೆ, ಆದರೆ ತಾಜಾತನದಲ್ಲಿ ಅದಕ್ಕೆ ಸಾಟಿಯಿಲ್ಲ. ಸಣ್ಣ ಖಾನಾವಳಿಗಳಿಗೆ ಹೆಚ್ಚಾಗಿ ಸೇರುವುದು ಈ ಮೀನೇ. ದೊಡ್ಡ ಹೋಟೆಲಿಗೆ ದಿನವೂ ಒಂದೇ ಅಳತೆಯ, ಒಂದೇ ಜಾತಿಯ ಮೀನು ಬೇಕು. ಅದನ್ನು ನಾಡದೋಣಿ ಕೊಡಲಾರದು, ಐಸಿನ ಪೆಟ್ಟಿಗೆ ಕೊಡುತ್ತದೆ.

ಅದಕ್ಕೇ ಉದ್ದನೆಯ ಮೆನು ಕಾರ್ಡು ಕರಾವಳಿಯಲ್ಲಿ ಅಷ್ಟು ಒಳ್ಳೆಯ ಲಕ್ಷಣವಲ್ಲ. ಹನ್ನೆರಡು ಜಾತಿಯ ಮೀನು ವರ್ಷವಿಡೀ ಸಿಗುತ್ತದೆಂದು ಅಚ್ಚು ಹಾಕಿಸಿದ ಕಡೆಗಿಂತ, ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮೂರು ಹೆಸರು ಬರೆದು, ಮಧ್ಯಾಹ್ನ ಎರಡರ ಹೊತ್ತಿಗೆ ಅದರಲ್ಲೊಂದನ್ನು ಒರೆಸಿಹಾಕುವ ಕಡೆ ನಂಬಿ ಕೂರಬಹುದು. ಕೂತ ಮೇಲೆ ಕೇಳಬೇಕಾದದ್ದು ‘ಪಾಂಪ್ಲೆಟ್ ಇದೆಯಾ’ ಎಂದಲ್ಲ, ‘ಇವತ್ತು ಯಾವ ಮೀನು ಬಂದಿದೆ’ ಎಂದು.

ಉತ್ತರ ಬಂದಾಗ ಹೆಸರುಗಳ ತೊಡಕು ಶುರುವಾಗುತ್ತದೆ. ಮಂಗಳೂರಿನ ಊಟ ಬಲ್ಲವರಿಗೆ ಅಂಜಲ್ ಗೊತ್ತು. ಕುಮಟಾದಲ್ಲಿ ಅದೇ ಮೀನು ಇಸ್ವಾಣ. ಅಲ್ಲಿನ ಕಾಣೆ ಇಲ್ಲಿ ನೊಗ್ಲಿ, ಅಲ್ಲಿನ ಬೂತಾಯಿ ಇಲ್ಲಿ ತಾರ್ಲೆ, ಸೀಗಡಿ ಶೆಟ್ಲಿ. ಬಂಗಡೆ ಮಾತ್ರ ಎಲ್ಲೆಡೆಯೂ ಬಂಗಡೆ. ಪ್ರವಾಸಿಗರು ಹೆಚ್ಚಾಗಿ ಮುಳ್ಳು ಕಡಿಮೆಯಿರುವ ದುಬಾರಿ ಇಸ್ವಾಣ, ಪಾಂಪ್ಲೆಟ್ ಕೇಳಿದರೆ, ಊರಿನವರ ತಟ್ಟೆಯಲ್ಲಿ ಕಾಣುವುದು ತಾರ್ಲೆ, ಬಂಗಡೆ. ರುಚಿಯ ಲೆಕ್ಕದಲ್ಲಿ ಊರಿನವರೇ ಸರಿ.

ಬಂಗಡೆ ಹುರಿಯುವುದನ್ನು ನೋಡಿದರೆ ಅಡುಗೆಮನೆಯ ಅಳತೆ ಸಿಗುತ್ತದೆ. ಮೀನಿನ ಎರಡೂ ಮಗ್ಗುಲಿಗೆ ಓರೆಯಾಗಿ ಗೀರು ಹಾಕಿ, ಉಪ್ಪು, ಅರಿಸಿನ, ಹುಣಸೆ ರಸ, ಕೆಂಪು ಮೆಣಸಿನ ಅರೆತವನ್ನು ಗೀರಿನೊಳಗೆ ಇಳಿಯುವಂತೆ ತಿಕ್ಕುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಸಣ್ಣ ರವೆಯಲ್ಲಿ ಹೊರಳಿಸಿ ಕಾದ ಕಾವಲಿಗೆ ಹಾಕುತ್ತಾರೆ. ರವೆ ಕೆಂಪಾಗಿ ಗರಿಗರಿಯಾಗುವಷ್ಟರಲ್ಲಿ ಒಳಗೆ ಬೆಂದಿರುತ್ತದೆ. ತಾಜಾ ಮೀನಾದರೆ ಬೆರಳಿಂದ ಒತ್ತಿದಾಗ ಮಾಂಸ ಎಸಳೆಸಳಾಗಿ ನಡುಮುಳ್ಳಿನಿಂದ ಬಿಡಿಸಿಕೊಳ್ಳುತ್ತದೆ. ಹಳಸಿದ್ದು ಹಿಟ್ಟಿನಂತೆ ಕುಸಿಯುತ್ತದೆ. ದಪ್ಪ ಮಸಾಲೆ ಬಾಯಿಗೆ ಮೋಸ ಮಾಡಬಹುದು, ಬೆರಳಿಗೆ ಮಾಡಲಾರದು. ಸಾರಿನಲ್ಲಿ ಗುರುತು ಬೇರೆ. ಬಂಗಡೆ, ತಾರ್ಲೆಯಂಥ ಎಣ್ಣೆಯಂಶದ ಮೀನಿನ ತೆಂಗಿನಕಾಯಿ ಸಾರಿಗೆ ಇಲ್ಲಿ ಜುಮ್ಮನಕಾಯಿ ಜಜ್ಜಿ ಹಾಕುತ್ತಾರೆ. ಕೊಂಕಣಿಯಲ್ಲಿ ತಿರ್ಫಳ ಎನ್ನುವ, ನಾಲಿಗೆಯನ್ನು ಜುಮ್ಮೆನಿಸುವ ಈ ಕಾಯಿಯ ಘಮ ಸಾರಿನಲ್ಲಿದ್ದರೆ ಅಡುಗೆ ಊರಿನದ್ದು. ಜೊತೆಗೆ ಕುಚ್ಚಲಕ್ಕಿ ಅನ್ನ, ಕೊನೆಗೆ ಮುರುಗಲು ಹಣ್ಣಿನ ಕಡಿ. ಭಟ್ಕಳಕ್ಕೆ ಹೋದರೆ ಈ ಕ್ರಮ ಬದಲಾಗುತ್ತದೆ. ಅಲ್ಲಿ ನವಾಯತ ಮುಸ್ಲಿಂ ಮನೆತನಗಳ ಅಡುಗೆಯದೇ ಮೇಲುಗೈ, ಈರುಳ್ಳಿ ಧಾರಾಳವಾಗಿ ಬಿದ್ದ ಬಿರಿಯಾನಿಯೇ ಊರಿನ ಹೆಸರು ಹೊತ್ತಿದೆ.

ಕುಮಟಾದ ವಿಶೇಷವೆಂದರೆ ಬಳಚು, ಅಂದರೆ ಚಿಪ್ಪಿಕಲ್ಲು. ಅಘನಾಶಿನಿಗೆ ಮೂಲದಿಂದ ಕಡಲವರೆಗೆ ಎಲ್ಲೂ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಸಿಹಿನೀರು, ಬೇಸಿಗೆಯಲ್ಲಿ ಉಪ್ಪುನೀರು ಎಂಬ ಹಳೆಯ ಏರಿಳಿತ ಅಳಿವೆಯಲ್ಲಿ ಇಂದಿಗೂ ನಡೆದಿದೆ, ಬಳಚು ಬೆಳೆಯಲು ಅದೇ ಬೇಕು. ಪಕ್ಕದ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ವಿದ್ಯುದಾಗಾರಗಳಿಂದ ಬೇಸಿಗೆಯಲ್ಲೂ ಸಿಹಿನೀರು ಇಳಿದು ಅಳಿವೆಯ ಉಪ್ಪು ತಗ್ಗಿತು, ಚಿಪ್ಪಿಗಳೂ ತಗ್ಗಿದವು. ಎರಡು ಅಳಿವೆಗಳ ನಡುವಿನ ಈ ಅಂತರವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿದ್ದಾರೆ. 4,801 ಹೆಕ್ಟೇರಿನ ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಬಳಚು ಆರಿಸುವುದು ಇಳಿತದ ಹೊತ್ತಿನಲ್ಲಿ. ನೀರು ಸರಿದು ಕೆಸರುಮರಳು ಮೇಲೆದ್ದಾಗ ಹೆಂಗಸರು, ಗಂಡಸರು ಬುಟ್ಟಿ ಹಿಡಿದು ಇಳಿಯುತ್ತಾರೆ. ಇಳಿತ ದಿನಕ್ಕೆ ಸುಮಾರು ಐವತ್ತು ನಿಮಿಷ ಹಿಂದೆ ಬೀಳುವುದರಿಂದ ಬಳಚು ಪೇಟೆಗೆ ಬರುವ ಹೊತ್ತೂ ದಿನಕ್ಕೊಂದು. ಖಾನಾವಳಿಯವರು ‘ನಾಳೆ ಬನ್ನಿ’ ಎಂದರೆ ಅದು ಸಬೂಬಲ್ಲ. ಬಳಚು ಅಡುಗೆಮನೆಗೆ ಜೀವಂತ ಬರಬೇಕು: ತಟ್ಟಿದರೆ ಚಿಪ್ಪು ಬಿಗಿಯಾಗಿ ಮುಚ್ಚಿಕೊಳ್ಳಬೇಕು, ಬೇಯಿಸಿದಾಗ ತೆರೆದುಕೊಳ್ಳಬೇಕು. ಬೆಂದರೂ ಬಾಯಿ ಬಿಡದ್ದನ್ನು ತಿನ್ನದೆ ಬಿಡುವುದು ಕ್ಷೇಮ. ಸುಕ್ಕಾ ತಿನ್ನುವಾಗ ಹಲ್ಲಿಗೆ ಮರಳು ಸಿಕ್ಕಿತೆಂದರೆ ಉಪ್ಪುನೀರಿನಲ್ಲಿ ನೆನೆಹಾಕುವ ವ್ಯವಧಾನ ಅಡುಗೆಯವರಿಗೆ ಇರಲಿಲ್ಲ ಎಂದರ್ಥ.

ಖಾನಾವಳಿಯಲ್ಲಿ ಮೀನು ಆರಿಸುವವರು ಅಡುಗೆಯವರು. ಆ ಕೆಲಸವನ್ನು ಗಿರಾಕಿಗೇ ಬಿಡುವ ಪದ್ಧತಿ ಕೊರಿಯಾದಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ಬುಸಾನ್ ನಗರದ ಜಗಲ್ಚಿ ಮಾರುಕಟ್ಟೆಯಲ್ಲಿ ಕೆಳ ಅಂತಸ್ತಿನ ತೊಟ್ಟಿಯಲ್ಲಿ ಈಜುತ್ತಿರುವ ಮೀನನ್ನು ತೋರಿಸಿ ಕೊಂಡು, ಮೇಲಂತಸ್ತಿನ ಹೋಟೆಲಿನಲ್ಲಿ ಅಡುಗೆಯ ಕೂಲಿ ಕೊಟ್ಟು ತಿನ್ನುತ್ತಾರೆ. ಕುಮಟಾದಲ್ಲಿ ಅಂಥ ಏರ್ಪಾಡು ಬೇಕೆಂದರೆ ತಂಗುವ ಹೋಮ್‌ಸ್ಟೇಯಲ್ಲಿ ಮಾತಾಡಿಕೊಳ್ಳಬೇಕು. ಪೇಟೆಯ ಮೀನು ಮಾರುವ ಹೆಂಗಸರಿಂದ ಕೊಂಡೊಯ್ದರೆ ಅಡುಗೆ ಮಾಡಿಕೊಡುವವರು ಸಿಗುತ್ತಾರೆ. ಕೊಳ್ಳುವಾಗ ನೋಡಬೇಕಾದದ್ದು ಉಬ್ಬಿದ ತಿಳಿಗಣ್ಣು, ಕೆಂಪು ಕಿವಿರು, ಒತ್ತಿದರೆ ಪುಟಿಯುವ ಮೈ. ಬಂಗಡೆಯ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಬಿಸಿಲಿನಲ್ಲಿ ಐಸಿಲ್ಲದೆ ಬಿದ್ದ ಬಂಗಡೆಯಲ್ಲಿ ಹಿಸ್ಟಮಿನ್ ಕೂಡಿಕೊಳ್ಳುತ್ತದೆ, ಎಷ್ಟು ಹುರಿದರೂ ಅದು ಹೋಗುವುದಿಲ್ಲ. ತಿಂದವರ ಮುಖ ಕೆಂಪಾಗಿ ಮೈ ತುರಿಸುತ್ತದೆ.

ಕಾಲವೂ ಲೆಕ್ಕಕ್ಕೆ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಸಿಗುವುದು ನಾಡದೋಣಿಯ ಅಷ್ಟಿಷ್ಟು ಮೀನು, ಹೊಳೆಮೀನು, ಮನೆಯಲ್ಲಿ ಕೂಡಿಟ್ಟ ಒಣಮೀನು. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುವುದರಿಂದ ಆ ಬಳಿಕ ಅತ್ತಣ ಮೀನೂ ಲಾರಿಯಲ್ಲಿ ಬರುತ್ತದೆ. ಜುಲೈಯಲ್ಲಿ ಹೆದ್ದಾರಿಯ ಹೋಟೆಲಿನ ತಟ್ಟೆಗೆ ದೊಡ್ಡ ಇಸ್ವಾಣದ ತುಂಡು ಬಂದರೆ ಅದರ ಪ್ರಯಾಣ ತಿನ್ನುವವರ ಪ್ರಯಾಣಕ್ಕಿಂತ ಉದ್ದವಿದ್ದೀತು. ವಾರದ ಲೆಕ್ಕವೂ ಉಂಟು: ಸೋಮವಾರ, ಶನಿವಾರ ಅನೇಕ ಮನೆಗಳಲ್ಲಿ ಮೀನು ಮುಟ್ಟುವುದಿಲ್ಲ, ಶ್ರಾವಣದಲ್ಲಂತೂ ಕೆಲವರು ತಿಂಗಳಿಡೀ. ಆ ದಿನಗಳಲ್ಲಿ ಸಣ್ಣ ಖಾನಾವಳಿ ಬಾಗಿಲು ಹಾಕಿರಬಹುದು. ಭಾನುವಾರ ತೆರೆದೇ ಇರುತ್ತದೆ, ಆದರೆ ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಬೇಕು.