ಮೊದಲು ಪೆಟ್ಟಿಗೆ, ಆಮೇಲೆ ಚಾಟಿಬಿಲ್ಲು

1948ರ ಸುಮಾರಿಗೆ ಕ್ಯಾಲಿಫೋರ್ನಿಯಾದ ರಿಚರ್ಡ್ ನೆರ್, ಆರ್ಥರ್ ಮೆಲಿನ್ ಎಂಬ ಇಬ್ಬರು ಗೆಳೆಯರಿಗೆ ಗಿಡುಗ ಪಳಗಿಸುವ ಹುಚ್ಚು. ಹಾರುವ ಗಿಡುಗಕ್ಕೆ ಮಾಂಸದ ಉಂಡೆ ಚಿಮ್ಮಿಸಿ ಕೊಡಲು ಅವರು ಮರದ ಚಾಟಿಬಿಲ್ಲು ಮಾಡಿಕೊಂಡಿದ್ದರು. ನೋಡಿದವರು ಗಿಡುಗವನ್ನು ಬಿಟ್ಟು ಬಿಲ್ಲನ್ನು ಕೇಳತೊಡಗಿದರು. ಕೇಳಿದವರಿಗೆ ಮಾರುತ್ತ ಮಾರುತ್ತ ಒಂದು ಕಂಪನಿಯೇ ಆಯಿತು. ಗುಂಡು ಗುರಿಗೆ ಬಡಿದಾಗಿನ ಸದ್ದನ್ನೇ ಹಿಡಿದು ಅದಕ್ಕೆ ‘ವ್ಯಾಮ್-ಓ’ ಎಂದು ಹೆಸರಿಟ್ಟರು. ಮುಂದಿನ ಹತ್ತು ವರ್ಷದಲ್ಲಿ ಅದೇ ಕಂಪನಿ ಫ್ರಿಸ್ಬೀ ತಟ್ಟೆಯನ್ನೂ ಹುಲಾ ಹೂಪ್ ಬಳೆಯನ್ನೂ ಜಗತ್ತಿಗೆ ಮಾರಿತು. ಅವೆರಡೂ ಮನೆಮಂದಿಯೆಲ್ಲ ಆಡುವ ಆಟಗಳಾಗಿ ಪಾರ್ಕು, ಬೀಚುಗಳನ್ನು ಸೇರಿದವು. ಮೊದಲು ಹುಟ್ಟಿದ ಚಾಟಿಬಿಲ್ಲು ಮಾತ್ರ ತುಂಟ ಹುಡುಗನ ಚಡ್ಡಿಯ ಹಿಂಜೇಬಿನಲ್ಲೇ ಉಳಿಯಿತು.

ಅಲ್ಲಿ ಉಳಿಸಿದ್ದರಲ್ಲಿ ವ್ಯಂಗ್ಯಚಿತ್ರಕಾರರ ಪಾಲೂ ಇದೆ. 1951ರ ಮಾರ್ಚ್‌ನಲ್ಲಿ ಅಮೆರಿಕದ ಪತ್ರಿಕೆಗಳಲ್ಲೂ ಬ್ರಿಟನ್ನಿನ ‘ಬೀನೋ’ ವಾರಪತ್ರಿಕೆಯಲ್ಲೂ ‘ಡೆನಿಸ್ ದಿ ಮೆನೇಸ್’ ಎಂಬ ಒಂದೇ ಹೆಸರಿನ ಇಬ್ಬರು ಪೋರರು ಹುಟ್ಟಿಕೊಂಡರು. ಒಬ್ಬರಿಗೊಬ್ಬರು ಸಂಬಂಧವಿಲ್ಲ, ಒಬ್ಬರ ನಕಲು ಇನ್ನೊಬ್ಬರಲ್ಲ. ಆದರೂ ಇಬ್ಬರ ಬಳಿಯೂ ಚಾಟಿಬಿಲ್ಲು! ನಮ್ಮೂರುಗಳಲ್ಲೂ ಅದರ ಹೆಸರು ಕೆಟ್ಟಿದ್ದು ಹೀಗೆಯೇ. ಹೊಡೆದರೆ ಹಕ್ಕಿ, ತಪ್ಪಿದರೆ ಕಿಟಕಿ. ಎರಡೂ ಅಲ್ಲದಿದ್ದರೆ ಪಕ್ಕದ ತೋಟದ ಮಾವಿನಕಾಯಿ.

ತಪ್ಪು ಬಿಲ್ಲಿನದಲ್ಲ, ಅದಕ್ಕೊಂದು ಗುರಿ ಕಟ್ಟಿಕೊಡದವರದ್ದು ಎಂಬುದು ನನ್ನ ವಾದ. ಬ್ಯಾಟು ಕೊಟ್ಟವರು ಮೈದಾನ ತೋರಿಸುತ್ತಾರೆ, ಕೇರಂ ಕೊಟ್ಟವರು ಬೋರ್ಡನ್ನೂ ಕೊಡುತ್ತಾರೆ. ಚಾಟಿಬಿಲ್ಲನ್ನು ಮಾತ್ರ ಹುಡುಗನ ಕೈಗೆ ಕೊಟ್ಟು ಹಿತ್ತಿಲ ಬಾಗಿಲು ತೆರೆದುಬಿಡುತ್ತೇವೆ. ಇದನ್ನು ಮನೆಯವರೆಲ್ಲ ಸೇರಿ ಆಡುವ ಹವ್ಯಾಸ ಮಾಡಿಕೊಳ್ಳಬೇಕು ಎನ್ನುವವರು ಬಿಲ್ಲು ಕೊಳ್ಳುವ ಮುಂಚೆ ಒಂದು ಪೆಟ್ಟಿಗೆ ಕಟ್ಟಬೇಕು.

ಟಿ.ವಿ. ಅಥವಾ ಫ್ರಿಜ್ ಬಂದ ದೊಡ್ಡ ರಟ್ಟಿನ ಪೆಟ್ಟಿಗೆ ಸಾಕು. ಒಂದು ಬದಿಯನ್ನು ಕತ್ತರಿಸಿ ತೆರೆದು, ಅದನ್ನು ಎದೆಯ ಎತ್ತರದಲ್ಲಿ ಮೇಜಿನ ಮೇಲಿಡಿ. ಒಳಗೆ, ಹಿಂಗೋಡೆಗೆ ಒಂದು ಗೇಣು ಮುಂದೆ, ಹಳೆಯ ಜೀನ್ಸ್ ಬಟ್ಟೆಯನ್ನೋ ಮಡಿಸಿದ ಬೆಡ್‌ಶೀಟನ್ನೋ ಮೇಲಿನ ಅಂಚಿನಿಂದ ಮಾತ್ರ ಇಳಿಬಿಡಿ. ಬಿಗಿಯಾಗಿ ಕಟ್ಟಬಾರದು. ಬಿಗಿದ ಬಟ್ಟೆ ಗುಂಡನ್ನು ವಾಪಸು ಚಿಮ್ಮಿಸುತ್ತದೆ, ಇಲ್ಲವೇ ಹರಿಯುತ್ತದೆ. ಸಡಿಲ ಬಟ್ಟೆ ಹಿಂದಕ್ಕೆ ತೂಗಿ ಗುಂಡಿನ ಓಟವನ್ನೆಲ್ಲ ಕುಡಿದು ಅದನ್ನು ಅಲ್ಲೇ ಕೆಳಗೆ ಉದುರಿಸುತ್ತದೆ. ತಳಕ್ಕೊಂದು ಹಳೆಯ ಟವೆಲು ಹಾಸಿದರೆ ಗುಂಡುಗಳು ಉರುಳಿ ಕಳೆಯುವುದಿಲ್ಲ. ಬಟ್ಟೆಯ ಮುಂದೆ ದಾರದಲ್ಲಿ ಒಂದು ತಗಡಿನ ಡಬ್ಬ ತೂಗುಹಾಕಿದರೆ ಮೈದಾನ ಸಿದ್ಧ. ಡಬ್ಬ ತೂಗುತ್ತಲೇ ಇರಬೇಕು. ಗೋಡೆಗೆ ಒರಗಿಸಿಟ್ಟ ಗಟ್ಟಿ ವಸ್ತುವಿನಿಂದ ಉಕ್ಕಿನ ಗುಂಡು ಬಂದ ದಾರಿಯಲ್ಲೇ ಮರಳಿ ಬರಬಲ್ಲದು. ಗಾಜಿನ ಬಾಟಲಿಯ ಮಾತಂತೂ ಬೇಡವೇ ಬೇಡ.

ಪೆಟ್ಟಿಗೆಯ ಮಾತಾಯಿತು, ಇನ್ನು ಬಿಲ್ಲು. ಅದರ ವಯಸ್ಸು ನಾವು ಅಂದುಕೊಂಡಷ್ಟಿಲ್ಲ. ಜೋಳದ ಹೊಲದ ಅಟ್ಟದ ಮೇಲೆ ನಿಂತು ಗಿಳಿ, ಗುಬ್ಬಿ ಓಡಿಸಲು ಬೀಸುತ್ತಿದ್ದ ಕವಣೆ ಬಹು ಪ್ರಾಚೀನ. ಹಗ್ಗ, ಕಲ್ಲು, ತೋಳಬಲ ಇದ್ದರೆ ಆಯಿತು. ಚಾಟಿಬಿಲ್ಲಿಗೆ ರಬ್ಬರ್ ಬೇಕು, ಅದೂ ಬೇಸಿಗೆಯಲ್ಲಿ ಅಂಟಾಗದ, ಚಳಿಯಲ್ಲಿ ಸೆಡೆಯದ ರಬ್ಬರ್. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ಬಗೆಯನ್ನು ಕಂಡುಕೊಂಡು, 1844ರಲ್ಲಿ ಪೇಟೆಂಟ್ ಪಡೆದ ಮೇಲೆಯೇ ಅಂಥ ರಬ್ಬರ್ ಕೈಗೆ ಸಿಕ್ಕಿದ್ದು. ಆಮೇಲೆ ಗಾಡಿ ಚಕ್ರಕ್ಕೆ ಟ್ಯೂಬು ಬಂತು, ಸವೆದ ಟ್ಯೂಬು ಹುಡುಗರ ಕೈಗೆ ಬಂತು.

ಆ ಟ್ಯೂಬಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಪೇರಲ ಕವಲು, ಸೈಕಲ್ ಟ್ಯೂಬು, ಸವೆದ ಚಪ್ಪಲಿಯ ತೊಗಲು ಎಂಬ ತ್ರಿಮೂರ್ತಿಗಳನ್ನು ನೆನೆದು ಕಣ್ಣರಳಿಸುವವರು ಬಹಳ. ಕವಲಿನ ವಿಷಯದಲ್ಲಿ ಅವರ ನೆನಪು ಸರಿ. ಪೇರಲ ಮರ ಗಟ್ಟಿ, ಎಳೆ ಬಿಗಿ, ಕವಲು ಹದವಾಗಿ ಸಿಗುತ್ತದೆ. ತೊಗಟೆ ತೆಗೆಯುವ ಅವಸರ ಮಾಡದೆ ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಿದರೆ ಸೀಳುವುದಿಲ್ಲ. ಹುಣಸೆಯೂ ಆದೀತು. ಟ್ಯೂಬಿನದು ಬೇರೆ ಕಥೆ. ಈಗಿನ ಕಪ್ಪು ಟ್ಯೂಬುಗಳು ಹೆಚ್ಚಾಗಿ ಬ್ಯುಟೈಲ್ ಎಂಬ ಕೃತಕ ರಬ್ಬರಿನವು. ಗಾಳಿ ಸೋರದಂತೆ ಹಿಡಿಯುವುದರಲ್ಲಿ ಅದು ಜಾಣ, ಎಳೆದು ಬಿಟ್ಟಾಗ ಹಿಂದಿರುಗುವುದರಲ್ಲಿ ಸೋಮಾರಿ. ನಾವು ತುಂಬಿದ ಬಲದಲ್ಲಿ ಒಳ್ಳೆಯ ಪಾಲು ಬಿಸಿಯಾಗಿ ಹೋಗುತ್ತದೆ. ಬಲವೆಲ್ಲ ಹಾಕಿ ಎಳೆದ ಮಗುವಿನ ಗುಂಡು ನಾಲ್ಕು ಮಾರು ದೂರದಲ್ಲಿ ಪುಸಕ್ಕನೆ ಬಿದ್ದರೆ ಅದು ಮಗುವಿನ ತಪ್ಪಲ್ಲ. ಹವ್ಯಾಸಿಗಳು ಈಗ ಬಳಸುವುದು ನೈಸರ್ಗಿಕ ಲ್ಯಾಟೆಕ್ಸ್‌ನ ತೆಳು ಹಾಳೆಯಿಂದ ಕತ್ತರಿಸಿದ ಚಪ್ಪಟೆ ಪಟ್ಟಿ. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಬೆಳಗಿನ ಜಾವ ಮರಕ್ಕೆ ಗೀರು ಹಾಕಿ ಇಳಿಸುವ ಅದೇ ಹಾಲು.

ಚಾಟಿಬಿಲ್ಲು ಕುಟುಂಬಕ್ಕೆ ಒಗ್ಗುವುದೂ ಈ ಪಟ್ಟಿಯಿಂದಲೇ. ಕ್ರಿಕೆಟ್ಟಿನಲ್ಲಿ ಅಪ್ಪನ ಎಸೆತಕ್ಕೆ ಮಗಳು ಹೆದರಬೇಕು, ಇಲ್ಲವೇ ಅಪ್ಪ ಬೇಕೆಂದೇ ಸೋಲಬೇಕು. ಇಲ್ಲಿ ಬಿಲ್ಲೇ ಆಯಾ ದೇಹಕ್ಕೆ ಹೊಲಿಸಿದ ಅಂಗಿ. ಬಿಲ್ಲು ಹಿಡಿದ ಕೈ ಚಾಚಿ ನಿಂತಾಗ ಅಲ್ಲಿಂದ ಕೆನ್ನೆಯವರೆಗಿನ ದೂರವನ್ನು ಅಳೆಯಿರಿ. ಅದೇ ಎಳೆತದ ಉದ್ದ. ಕವಲಿನ ಕಟ್ಟಿನಿಂದ ಗುಂಡು ಹಿಡಿಯುವ ತೊಗಲಿನ ಕಟ್ಟಿನವರೆಗೆ ಪಟ್ಟಿಯ ಉದ್ದ ಅದರ ನಾಲ್ಕನೇ ಒಂದರಷ್ಟಿದ್ದರೆ ಆರಂಭಕ್ಕೆ ಹದ. ಹತ್ತು ವರ್ಷದ ಮಗುವಿನ ಎಳೆತ 60 ಸೆಂ.ಮೀ. ಆದರೆ ಪಟ್ಟಿ 15 ಸೆಂ.ಮೀ.; ಅಪ್ಪನದು 80 ಆದರೆ 20. ಪಳಗಿದವರು ಐದನೇ ಒಂದಕ್ಕೆ ಇಳಿಸುತ್ತಾರೆ. ವೇಗ ಏರುತ್ತದೆ, ಪಟ್ಟಿಯ ಆಯಸ್ಸು ಇಳಿಯುತ್ತದೆ. ದಪ್ಪ ಅರ್ಧ ಮಿಲಿಮೀಟರ್ ಮೀರಬೇಕಿಲ್ಲ. ದಪ್ಪ ರಬ್ಬರ್ ಹಾಕಿದರೆ ಗುಂಡು ಜೋರಾಗಿ ಹೋಗುತ್ತದೆ ಎಂಬುದು ಗಂಡಸರ ಹಳೆಯ ನಂಬಿಕೆ. ಗುಂಡು ಹಗುರವಿದ್ದಾಗ ದಪ್ಪ ರಬ್ಬರಿನ ಬಲವೆಲ್ಲ ತನ್ನ ತೂಕವನ್ನೇ ಎಳೆದುಕೊಂಡು ಹೋಗುವುದರಲ್ಲಿ ಮುಗಿಯುತ್ತದೆ, ಉಳಿಯುವುದು ನಡುಗುವ ಕೈ. ಕವಲಿನ ಕಡೆ ಅಗಲ, ತೊಗಲಿನ ಕಡೆ ಕಿರಿದು ಮಾಡಿ ಪಟ್ಟಿ ಕತ್ತರಿಸುವುದೂ ಇದೇ ಲೆಕ್ಕದಿಂದ.

ಗುಂಡಿಗೆ ಸೈಕಲ್ ರಿಪೇರಿ ಅಂಗಡಿಗೆ ಹೋಗಬಹುದು. ಹಿಂಚಕ್ರದ ಬೇರಿಂಗಿನ ಕಾಲಿಂಚಿನ ಉಕ್ಕಿನ ಗುಂಡು ಸುಮಾರು ಒಂದು ಗ್ರಾಂ ತೂಗುತ್ತದೆ, ಮಕ್ಕಳಿಗೆ ಸಾಕು. ದೊಡ್ಡವರು 8 ಮಿ.ಮೀ. ಗುಂಡಿಗೆ ಹೋಗಬಹುದು, ಎರಡು ಗ್ರಾಂ. ಹೊಳೆದಂಡೆಯ ಕಲ್ಲುಗಳು ಒಂದೊಂದೂ ಒಂದೊಂದು ಆಕಾರ, ಹೀಗಾಗಿ ಒಂದೊಂದೂ ಒಂದೊಂದು ದಾರಿ ಹಿಡಿಯುತ್ತವೆ. ಅವುಗಳಿಂದ ಗುರಿ ಕಲಿಯುವುದು ಕಷ್ಟ. ಗೋಲಿ ಒಡೆದು ಚೂರಾಗುತ್ತದೆ.

ಹೊಡೆಯುವ ಬಗೆಯಲ್ಲಿ ದೊಡ್ಡ ರಹಸ್ಯವಿಲ್ಲ, ಅಭ್ಯಾಸವಿದೆ. ಬಿಲ್ಲನ್ನು ನೆಟ್ಟಗೆ ಹಿಡಿಯುವುದು ಚಿತ್ರಗಳಲ್ಲಿ. ಈಗ ಬಹಳ ಜನ ಅಡ್ಡಲಾಗಿ ಹಿಡಿಯುತ್ತಾರೆ, ಎರಡೂ ಕವಲುಗಳು ಒಂದರ ಮೇಲೊಂದು ಬರುವಂತೆ. ಗುಂಡಿಟ್ಟ ತೊಗಲನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಚಿವುಟಿ ಹಿಡಿದು ಪ್ರತಿ ಸಲವೂ ಮುಖದ ಒಂದೇ ಜಾಗಕ್ಕೆ, ಕೆನ್ನೆಯ ಮೂಳೆಗೋ ತುಟಿಯಂಚಿಗೋ ತರಬೇಕು. ಮೇಲಿನ ಪಟ್ಟಿ ಕಣ್ಣಿನ ಕೆಳಗೆ ಗೆರೆಯಂತೆ ಓಡುತ್ತದೆ. ಆ ಗೆರೆಯ ತುದಿಗೆ ಡಬ್ಬ. ಉಸಿರು ಅರ್ಧ ಬಿಟ್ಟು ಬೆರಳನ್ನು ಸಡಿಲಿಸಿದರೆ ಆಯಿತು. ಎಸೆಯಬೇಡಿ, ಕಿತ್ತುಕೊಳ್ಳಬೇಡಿ. ತೊಗಲು ಒಂದಿಷ್ಟು ತಿರುಚಿಕೊಂಡಿದ್ದರೂ ಗುಂಡು ಕವಲಿಗೆ ಬಡಿಯಬಹುದು. ಐದು ಮೀಟರಿನಿಂದ ಶುರುಮಾಡಿ. ಡಬ್ಬ ಬೇಸರ ಬರುವಷ್ಟು ಬಾರಿ ಸದ್ದು ಮಾಡಿದ ಮೇಲೆ ಹತ್ತು ಮೀಟರಿಗೆ ಸರಿಯಿರಿ.

ಹತ್ತು ಮೀಟರ್ ಈ ಲೋಕದ ಗಜಕಡ್ಡಿ. ಅಷ್ಟು ದೂರದಿಂದ ಇಸ್ಪೀಟು ಎಲೆಯನ್ನು ಅಂಚಿನ ಕಡೆಯಿಂದ ನಿಲ್ಲಿಸಿ ಕತ್ತರಿಸುವವರಿದ್ದಾರೆ, ಬೆಂಕಿಕಡ್ಡಿಯ ತಲೆಗೆ ಸವರಿಕೊಂಡು ಹೋಗುವಂತೆ ಗುಂಡು ಬಿಟ್ಟು ಕಡ್ಡಿ ಹೊತ್ತಿಸುವವರಿದ್ದಾರೆ. ಅಮೆರಿಕದ ನಾರ್ತ್ ಕ್ಯಾರೊಲಿನಾದ ರೈತ ರೂಫಸ್ ಹಸ್ಸಿ ಮೇಲಕ್ಕೆ ಎಸೆದ ವಸ್ತುಗಳನ್ನು ಗಾಳಿಯಲ್ಲೇ ಹೊಡೆದು ಬೀಳಿಸುತ್ತಿದ್ದ. ಮರದ ಕವಲನ್ನು ಅವನೇ ಕೆತ್ತಿಕೊಳ್ಳುತ್ತಿದ್ದ, ‘ಬೀನ್‌ಶೂಟರ್’ ಎನ್ನುತ್ತಿದ್ದ. ಜರ್ಮನಿಯ ಯೋರ್ಗ್ ಸ್ಪ್ರಾವೆ ತನ್ನ ವಿಡಿಯೊಗಳಲ್ಲಿ ರಬ್ಬರಿನಿಂದ ಏನನ್ನೆಲ್ಲ ಹಾರಿಸಬಹುದೆಂದು ತೋರಿಸಿ ಗಹಗಹಿಸುತ್ತಾನೆ. ನೋಡಲು ಮಜಾ, ಅನುಕರಿಸಲು ಅಲ್ಲ. ಇಟಲಿ, ಸ್ಪೇನ್, ಬ್ರಿಟನ್, ಚೀನಾಗಳಲ್ಲಿ ಕ್ಲಬ್ಬುಗಳಿವೆ, ಪಂದ್ಯಗಳಿವೆ. 2018ರಲ್ಲಿ ಇಟಲಿಯ ಉಂಬ್ರಿಯಾ ಪ್ರಾಂತ್ಯದ ಗುವಾಲ್ದೊ ತದೀನೊ ಊರಿನಲ್ಲಿ ವಿಶ್ವಕಪ್ ಹೆಸರಿನ ಪಂದ್ಯವೇ ನಡೆಯಿತು. ಇನ್ನೊಂದು ಸ್ವಾರಸ್ಯ: 1940ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ರಾಷ್ಟ್ರೀಯ ಚಾಟಿಬಿಲ್ಲು ಸಂಘದ ಲೆಕ್ಕದಲ್ಲಿ, ಮಾರಾಟವಾದ ಬಿಲ್ಲುಗಳಲ್ಲಿ ನೂರಕ್ಕೆ 80 ಹೋಗುತ್ತಿದ್ದದ್ದು ಮೂವತ್ತು ದಾಟಿದ ಗಂಡಸರಿಗೆ. ಪೋರರ ಹೆಸರು ಕೆಡಿಸಿ ಆಟ ಆಡುತ್ತಿದ್ದವರು ಅಪ್ಪಂದಿರು!

ಇನ್ನು ಕಹಿ ಮಾತು. ಹದವಾಗಿ ಕಟ್ಟಿದ ಬಿಲ್ಲಿನಿಂದ ಹೊರಟ ಎರಡು ಗ್ರಾಂ ಗುಂಡು ಗಂಟೆಗೆ 200 ಕಿ.ಮೀ. ವೇಗವನ್ನು ಸುಲಭವಾಗಿ ದಾಟುತ್ತದೆ. ಕಣ್ಣು ಹೋಗಲು ಅದರ ಅರ್ಧವೂ ಬೇಡ. ಹೊಡೆಯುವವರಿಗೂ ಪಕ್ಕದಲ್ಲಿ ನೋಡುವವರಿಗೂ ಪಾಲಿಕಾರ್ಬೊನೇಟ್ ಕನ್ನಡಕ ಕಡ್ಡಾಯ. ಬಿಸಿಲಿಗೆ ಹಾಕುವ ಅಗ್ಗದ ಕನ್ನಡಕ ನಡೆಯದು. ಒಂದು ಗೆರೆ ಎಳೆದು, ಅದರ ಮುಂದೆ ಯಾರಾದರೂ ಇರುವಷ್ಟು ಹೊತ್ತು ಬಿಲ್ಲುಗಳೆಲ್ಲ ನೆಲದ ಮೇಲೆ. ಗುಂಡಿಲ್ಲದೆ ಎಳೆದು ಬಿಡಬಾರದು. ಪಟ್ಟಿ ಬೆರಳಿಗೋ ಮುಖಕ್ಕೋ ಚಾಟಿಯಂತೆ ಬಡಿಯುತ್ತದೆ. ಪಟ್ಟಿ ಹೆಚ್ಚಾಗಿ ಹರಿಯುವುದು ತೊಗಲು ಕಟ್ಟಿದ ಜಾಗದಲ್ಲಿ. ಹರಿದ ತುದಿ ಹಾರುವುದು ಕವಲಿನತ್ತ, ಆದರೆ ಕವಲಿನ ಬಳಿ ಹರಿದರೆ ಅದು ನೇರ ನಿಮ್ಮ ಕಣ್ಣಿನತ್ತ. ಆದ್ದರಿಂದ ಪ್ರತಿದಿನ ಎರಡೂ ತುದಿಯನ್ನು ಬೆಳಕಿಗೆ ಹಿಡಿದು ಎಳೆದು ನೋಡಬೇಕು, ಸಣ್ಣ ಗೀರು ಕಂಡರೂ ಬದಲಿಸಬೇಕು. ಮಣಿಕಟ್ಟಿಗೆ ಆಸರೆ ಕೊಡುವ ಕಂಬಿಯ ಬಿಲ್ಲುಗಳನ್ನು ಜರ್ಮನಿಯಲ್ಲೂ ನ್ಯೂಯಾರ್ಕ್ ರಾಜ್ಯದಲ್ಲೂ ನಿಷೇಧಿಸಿದ್ದಾರೆ. ಡಬ್ಬ ಬಡಿಯುವ ಸಂಸಾರಕ್ಕೆ ಅವುಗಳ ಅಗತ್ಯವೂ ಇಲ್ಲ. ವಿಮಾನದಲ್ಲಿ ಅಜ್ಜಿಯ ಊರಿಗೆ ಹೊರಟರೆ ಬಿಲ್ಲನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಡಿ, ತಪಾಸಣೆಯಲ್ಲಿ ಕಳೆದುಕೊಳ್ಳುತ್ತೀರಿ.

ಹಕ್ಕಿಯ ವಿಷಯದಲ್ಲಿ ಚೌಕಾಸಿ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎನ್ನುವುದು ಕೊಲ್ಲುವುದನ್ನಷ್ಟೇ ಅಲ್ಲ; ಗಾಯಗೊಳಿಸುವುದೂ ಬೇಟೆ, ಅದಕ್ಕೆ ಯತ್ನಿಸುವುದೂ ಬೇಟೆ. ಹಿತ್ತಿಲಿನ ಪಿಕಳಾರಕ್ಕೂ ಗುಬ್ಬಿಗೂ ಆ ರಕ್ಷಣೆ ಇದೆ. ಅಳಿಲಿಗೂ ಓತಿಕ್ಯಾತಕ್ಕೂ ಗುರಿಯಿಡುವುದಿಲ್ಲ ಎಂದು ಮಕ್ಕಳಿಗೆ ಹೇಳಿಕೊಡುವ ಮೊದಲು ದೊಡ್ಡವರು ತಮ್ಮ ಬಾಲ್ಯದ ಬೇಟೆ ಪ್ರತಾಪಗಳನ್ನು ವರ್ಣಿಸುವುದನ್ನು ನಿಲ್ಲಿಸಿದರೆ ಒಳ್ಳೆಯದು. ಪೆಟ್ಟಿಗೆಯ ಮುಂದೆ ಕಲಿತ ಮಗುವಿಗೆ ಕೊಂಬೆಯ ಮೇಲಿನ ಹಕ್ಕಿ ಅಷ್ಟು ಆಕರ್ಷಕವೂ ಅಲ್ಲ. ಡಬ್ಬ ಠಣ್ ಎನ್ನುತ್ತದೆ, ಅಂಕ ಕೊಡುತ್ತದೆ, ಮತ್ತೆ ಅಲ್ಲೇ ತೂಗುತ್ತಿರುತ್ತದೆ.

ಅಂಕದ ಆಟಗಳನ್ನು ಮಕ್ಕಳೇ ಹುಟ್ಟಿಸುತ್ತಾರೆ. ಡಬ್ಬದ ಬದಲು ಬಾಟಲಿ ಮುಚ್ಚಳ ಕಟ್ಟುತ್ತಾರೆ, ದಾರವನ್ನೇ ತುಂಡರಿಸುವ ಪಂಥ ಹಾಕುತ್ತಾರೆ. ಒಂದು ತೆಳು ಡಬ್ಬವನ್ನು ಸರದಿಯಲ್ಲಿ ಹೊಡೆಯುತ್ತ ಎರಡು ತುಂಡು ಮಾಡುವುದು ಬೇರೆ ದೇಶಗಳ ಹವ್ಯಾಸಿಗಳಿಗೂ ಪ್ರಿಯ. ನಾಲ್ಕು ಜನ ಸೇರಿದರೆ ಒಂದು ಸಂಜೆ ಹೋದದ್ದೇ ತಿಳಿಯದು. ತೋಳಿಗಿಂತ ತಾಳ್ಮೆ ಕೆಲಸ ಮಾಡುವ ಆಟವಾದ್ದರಿಂದ ಅಮ್ಮಂದಿರೂ ಅಜ್ಜಿಯರೂ ಬೇಗ ಮುಂದೆ ಹೋಗುತ್ತಾರೆ. ಹಿಂದೆ ಜೋಳ ಕಾಯ್ದ ಅಜ್ಜಿ ಮನೆಯಲ್ಲಿದ್ದರೆ ಅಂಕದ ಹಲಗೆಯನ್ನು ಅವರ ಕೈಗೆ ಕೊಡಬೇಡಿ, ಬಿಲ್ಲು ಕೊಡಿ.

ಬಯಲು ಇರುವವರಿಗೆ ಮಣ್ಣಿನ ಗುಂಡು ಇನ್ನೊಂದು ಲೋಕ. ಜಿಗುಟು ಮಣ್ಣನ್ನು ಜರಡಿ ಹಿಡಿದು, ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಒಂದೇ ಚಮಚದ ಅಳತೆಯಲ್ಲಿ ತೆಗೆದು ಉಂಡೆ ಕಟ್ಟಿ ನೆರಳಲ್ಲಿ ಒಣಗಿಸಬೇಕು. ಸುಡಬೇಕಿಲ್ಲ, ಸುಡದಿದ್ದರೇ ಡಬ್ಬಕ್ಕೆ ಬಡಿದು ಪುಡಿಯಾಗುವುದು, ಹಿಂದಕ್ಕೆ ಚಿಮ್ಮದಿರುವುದು. ಅದೇ ಮಣ್ಣುಂಡೆಗೆ ಬೀಜ ಸೇರಿಸಿದರೆ ಬೀಜದುಂಡೆ. ಅದರ ಅಭಿಯಾನಗಳು ನಮ್ಮಲ್ಲಿ ಮುಂಗಾರಿನ ಮೊದಲು ನಡೆಯುತ್ತಲೇ ಇರುತ್ತವೆ. ಕೆನ್ಯಾದಲ್ಲಿ ಇದ್ದಿಲುಪುಡಿ ಸುತ್ತಿದ ಬೀಜದುಂಡೆಗಳನ್ನು ಮಕ್ಕಳು ಚಾಟಿಬಿಲ್ಲಿನಿಂದಲೇ ಹಾರಿಸುತ್ತಾರೆ. ನಾವೂ ಹಾಗೆ ಮಾಡಬಹುದು, ಬೀಜ ಆಯಾ ಸೀಮೆಯದೇ ಆಗಿದ್ದರೆ, ಜಾಗದವರ ಒಪ್ಪಿಗೆ ಇದ್ದರೆ. ಉಂಡೆ ದಪ್ಪ ಆಗುವುದರಿಂದ ತೊಗಲು ಅಗಲ ಬೇಕು, ಪಟ್ಟಿ ಕೊಂಚ ಬಲ ಬೇಕು. ಇದೊಂದಕ್ಕೆ ಆ ಹಳೆಯ ಸೈಕಲ್ ಟ್ಯೂಬು ನಡೆಯುತ್ತದೆ. ಲ್ಯಾಟೆಕ್ಸ್ ಪಟ್ಟಿಗಳನ್ನು ಬಿಸಿಲಿಗೆ ಬಿಡದೆ, ಎಣ್ಣೆ ಕೈ ತಾಗಿಸದೆ, ಟಾಲ್ಕಂ ಪೌಡರ್ ಸವರಿ ಡಬ್ಬಿಯಲ್ಲಿ ಮುಚ್ಚಿಡಿ. ಮಣ್ಣುಂಡೆಗಳನ್ನು ಏಪ್ರಿಲ್ಲಿನಲ್ಲೇ ಕಟ್ಟಿಟ್ಟುಕೊಳ್ಳಿ, ಜೂನ್ ಬಂದ ಮೇಲೆ ಅವು ಒಣಗುವುದಿಲ್ಲ.